ಟೇಪಕ್ಕನನ್ನು ಹಾರಿಸುವುದು ಹೇಗೆ? ಇಬ್ಬರು ಸೇರಿ ಮಾಡುವ ಸ್ಟಾಪ್ ಮೋಷನ್ ಸೂಪರ್‌ಹೀರೊ ಚಿತ್ರ

ದೊಡ್ಡ ಸಿನಿಮಾದಲ್ಲಿ ಸೂಪರ್‌ಹೀರೊ ಅಂದರೆ ನೀರಿನಂತೆ ದುಡ್ಡು. ಹೀರೊ ಹಾರಬೇಕು, ಬಸ್ಸು ಎತ್ತಬೇಕು, ಗೋಡೆ ಒಡೆಯಬೇಕು. ನಡೆಯೋದು, ಕೂರೋದು, ಮಾತಾಡೋದು ಮಾತ್ರ ಪುಕ್ಕಟೆ. ಸ್ಟಾಪ್ ಮೋಷನ್‌ನಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು. ಗೊಂಬೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಿಮ್ಮ ಸೊಂಟ ಬಿದ್ದು ಹೋಗುತ್ತದೆ. ಆದರೆ ಕತ್ತರಿ ತಾನಾಗಿ ತೆವಳಿಕೊಂಡು ಬರುವುದು, ಗುಂಡಿಗಳು ಸಾಲಾಗಿ ಮೆರವಣಿಗೆ ಹೊರಡುವುದು, ಇಲ್ಲಿದ್ದವಳು ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುವುದು, ಇವೆಲ್ಲ ಇಲ್ಲಿ ಸಲೀಸು. ಪವಾಡ ಅಗ್ಗ, ನಡಿಗೆ ದುಬಾರಿ. ಇದನ್ನು ತಿಳಿದುಕೊಂಡು ಕಥೆ ಬರೆದರೆ ಇಬ್ಬರು ಗೆಳೆಯರು, ಒಂದು ಫೋನು, ಎರಡು ಭಾನುವಾರ ಸಾಕು.

ಸ್ಟಾಪ್ ಮೋಷನ್ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಗೊಂಬೆಯನ್ನು ಸ್ವಲ್ಪ ಸರಿಸಿ ಒಂದು ಫೋಟೊ ತೆಗೆಯಬೇಕು. ಮತ್ತೆ ಸ್ವಲ್ಪ ಸರಿಸಿ ಇನ್ನೊಂದು. ಹೀಗೆ ತೆಗೆದ ಫೋಟೊಗಳನ್ನು ಬೇಗಬೇಗ ಒಂದರ ಹಿಂದೆ ಒಂದು ತೋರಿಸಿದರೆ ಗೊಂಬೆಗೆ ಜೀವ ಬಂದಂತೆ ಕಾಣುತ್ತದೆ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತರುವ ಮೊದಲು, ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಹೀಗೇ ಬಿಡಿಬಿಡಿ ಚಿತ್ರಗಳಾಗಿ ತೆಗೆದು, ಅದನ್ನು ತೋರಿಸಿ ಬಂಡವಾಳ ಹುಡುಕಿದ್ದರು. ಅಲ್ಲಿ ಗಿಡ ತಾನೇ ಬೆಳೆಯಿತು. ಇಲ್ಲಿ ಬೆಳೆಸುವ ಕೆಲಸವೂ ನಮ್ಮದೇ.

ಮೊದಲು ಶಕ್ತಿ, ಆಮೇಲೆ ಕಥೆ

ಸಾಮಾನ್ಯವಾಗಿ ಕಥೆ ಬರೆದು ಆಮೇಲೆ ಹೇಗೆ ತೆಗೆಯೋದು ಅಂತ ತಲೆ ಕೆರೆದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ ಮಾಡಿ. ಮೇಜಿನ ಮೇಲೆ ಯಾವುದು ಸುಲಭವಾಗಿ, ಚೆನ್ನಾಗಿ ಚಲಿಸುತ್ತದೆ ಎಂದು ನೋಡಿ, ಅದನ್ನೇ ಹೀರೊನ ಶಕ್ತಿ ಮಾಡಿ.

ಸುಲಭವಾದವು: ವಸ್ತುಗಳು ತಾವಾಗಿ ಚಲಿಸುವುದು, ಮಾಯವಾಗುವುದು, ದೊಡ್ಡದು ಚಿಕ್ಕದಾಗುವುದು, ಒಂದು ಇನ್ನೊಂದಾಗುವುದು. ಕಷ್ಟವಾದವು: ನೀರು, ಬೆಂಕಿ, ಹೊಗೆ, ಓಟ, ಉದ್ದನೆಯ ಸಂಭಾಷಣೆ. ಬೆಂಕಿ ಉಗುಳುವ ಹೀರೊ ಕಾಗದದ ಮೇಲೆ ಚೆನ್ನಾಗಿರುತ್ತಾನೆ, ಮೇಜಿನ ಮೇಲೆ ಗೋಳು ಹೊಯ್ದುಕೊಳ್ಳುತ್ತಾನೆ.

ಈ ಲೇಖನಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಹೀರೊ ಒಬ್ಬ ಟೈಲರ್. ಹೆಸರು ಟೇಪಕ್ಕ. ಅವಳ ಕೊರಳಲ್ಲಿರುವ ಅಳತೆ ಟೇಪಿಗೆ ಜೀವವಿದೆ. ಕಥೆ ಇಷ್ಟೇ: ನಾಳೆ ಶಾಲೆ ಶುರು. ಅಂಗಡಿಯಲ್ಲಿ ಯೂನಿಫಾರ್ಮ್ ರಾಶಿ ಬಿದ್ದಿದೆ. ರಾತ್ರಿ ಒಂದು ಹೆಗ್ಗಣ ಬಂದು ಗುಂಡಿಗಳನ್ನೆಲ್ಲ ಕದಿಯುತ್ತದೆ. ಟೇಪಕ್ಕ ಹಾರಿ ಹೋಗಿ ಅದನ್ನು ಟೇಪಿನಲ್ಲಿ ಸುತ್ತಿ ಹಾಕುತ್ತಾಳೆ. ಗುಂಡಿಗಳು ತಾವೇ ಸಾಲಾಗಿ ಬಂದು ಅಂಗಿಗಳಲ್ಲಿ ಕೂರುತ್ತವೆ. ಮುಗೀತು.

ಇದರಲ್ಲಿ ಯಾರೂ ನಡೆಯುವುದಿಲ್ಲ, ಗಮನಿಸಿದಿರಾ? ಹೆಗ್ಗಣ ನೆಲಕ್ಕಂಟಿ ಜಾರುತ್ತದೆ. ಟೇಪಕ್ಕ ಹಾರುತ್ತಾಳೆ. ಮಾತೂ ಇಲ್ಲ. ಬೇಕಾದ ಸಾಮಾನು, ಅಂದರೆ ಗುಂಡಿ, ದಾರದ ಉಂಡೆ, ಬಾಬಿನ್, ಕತ್ತರಿ, ಚಿಂದಿ ಬಟ್ಟೆ, ಯಾವುದೇ ಟೈಲರ್ ಅಂಗಡಿಯಲ್ಲಿ ಕೇಳಿದರೆ ನಗುತ್ತಾ ಕೊಡುತ್ತಾರೆ.

ಈಗಾಗಲೇ ಹೆಸರು ಮಾಡಿದ ವಿದೇಶಿ ಸೂಪರ್‌ಹೀರೊನನ್ನೇ ಇಟ್ಟುಕೊಳ್ಳೋಣ ಎಂದು ನಿಮ್ಮ ಜೊತೆಗಾರರು ಹಠ ಹಿಡಿಯಬಹುದು. ಮನೆಮಂದಿಗೆ ತೋರಿಸಲು ತೊಂದರೆಯಿಲ್ಲ. ಸ್ಪರ್ಧೆಗೆ ಕಳಿಸುವಾಗ ಹಕ್ಕಿನ ತಕರಾರು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹೀರೊ ಹೇಗಿರಬೇಕು ಎಂದು ನೋಡುವವರಿಗೆ ಮೊದಲೇ ಗೊತ್ತು. ನಿಮ್ಮ ಗೊಂಬೆ ಅವನ ಮುಂದೆ ಯಾವಾಗಲೂ ಸಪ್ಪೆ. ಟೇಪಕ್ಕನನ್ನು ಯಾರೂ ನೋಡಿಲ್ಲವಲ್ಲ, ಅವಳು ಹೇಗಿದ್ದರೂ ಅದೇ ಸರಿ.

ಲೆಕ್ಕ ಹಾಕಿ, ಎದೆ ಒಡೆದುಕೊಳ್ಳಬೇಡಿ

ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. ಸ್ಟಾಪ್ ಮೋಷನ್ ಮಾಡುವವರು ಬಹಳ ಸಲ ಒಂದೊಂದು ಫೋಟೊವನ್ನು ಎರಡೆರಡು ಸಲ ತೋರಿಸುತ್ತಾರೆ. ಹಾಗಾಗಿ ಸೆಕೆಂಡಿಗೆ 12 ಫೋಟೊ ಸಾಕು. ಮೊದಲ ಚಿತ್ರಕ್ಕೆ ಇದೇ ಒಳ್ಳೆಯ ವೇಗ. 8ಕ್ಕೆ ಇಳಿಸಿದರೆ ಕೆಲಸ ಕಡಿಮೆ, ಆದರೆ ಹೊಡೆದಾಟ ಕುಂಟುತ್ತದೆ.

40 ಸೆಕೆಂಡಿನ ಚಿತ್ರಕ್ಕೆ 480 ಫೋಟೊ. ಕೈ ಪಳಗಿದ ಮೇಲೆ ಇಬ್ಬರು ಸೇರಿ ಗಂಟೆಗೆ 60 ಫೋಟೊ ತೆಗೆದರೆ ಚೆನ್ನಾಗಿ ಸಾಗಿದೆ ಅಂತಲೇ ಅರ್ಥ. ಅಂದರೆ ಎಂಟು ಗಂಟೆ ಬರೀ ಫೋಟೊ. ಗೊಂಬೆ, ಸೆಟ್ಟು, ಬೆಳಕು ಬೇರೆ. ಎರಡು ನಿಮಿಷದ ಚಿತ್ರ ಮಾಡ್ತೀವಿ ಎಂದು ಹೊರಟವರು ಅರ್ಧದಲ್ಲೇ ಬಿಡುವುದು ಇದಕ್ಕೇ. 40 ಸೆಕೆಂಡಿನಲ್ಲಿ ಹೇಳಲಾಗದ ಕಥೆಯನ್ನು ಮೊದಲ ಸಲ ಮುಟ್ಟಬೇಡಿ.

ನೋಟ್‌ಬುಕ್ಕಿನಲ್ಲಿ ಒಂದೊಂದು ಶಾಟ್‌ಗೆ ಒಂದೊಂದು ಚೌಕ ಎಳೆದು ಕಡ್ಡಿ ಗೊಂಬೆಗಳಿಂದ ಚಿತ್ರ ಬರೆಯಿರಿ. ಪಕ್ಕದಲ್ಲಿ ಎಷ್ಟು ಸೆಕೆಂಡು, ಎಷ್ಟು ಫೋಟೊ ಎಂದು ಬರೆಯಿರಿ. ನಮ್ಮ ಕಥೆಗೆ ಒಂಬತ್ತು ಶಾಟ್ ಸಾಕು: ರಾತ್ರಿಯ ಅಂಗಡಿ, ಬಿಲದಿಂದ ಹೆಗ್ಗಣದ ಮೂತಿ, ಗುಂಡಿಗಳು ಒಂದೊಂದಾಗಿ ಮಾಯ, ಟೇಪಕ್ಕನ ಕಣ್ಣು, ಟೇಪು ಅವಳನ್ನು ಸುತ್ತಿಕೊಳ್ಳುವುದು, ಹಾರಾಟ, ಕಾಳಗ, ಗುಂಡಿಗಳ ಮೆರವಣಿಗೆ, ಬೆಳಗಿನ ಯೂನಿಫಾರ್ಮು. ಒಂದು ಸೆಟ್ಟಿನಲ್ಲಿ ಆಗುವ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ. ಕಥೆಯ ಕ್ರಮದಲ್ಲಿ ತೆಗೆಯಬೇಕೆಂಬ ನಿಯಮವೇನಿಲ್ಲ.

ಯಾರ ಕೈ, ಯಾರ ಕಣ್ಣು

ಇಬ್ಬರಿದ್ದರೆ ಕೆಲಸ ಅರ್ಧ ಆಗುತ್ತದೆ ಅಂದುಕೊಳ್ಳುತ್ತೇವೆ. ಸರಿಯಾಗಿ ಹಂಚಿಕೊಳ್ಳದಿದ್ದರೆ ಎರಡರಷ್ಟಾಗುತ್ತದೆ. ಇಬ್ಬರೂ ಗೊಂಬೆ ಮುಟ್ಟಿದರೆ ಅವಳ ನಡೆ ಒಂದು ಫೋಟೊದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಒಬ್ಬರ ಕೈ ಹಗುರ, ಇನ್ನೊಬ್ಬರದು ಭಾರ. ಪರದೆಯ ಮೇಲೆ ಅದು ಎದ್ದು ಕಾಣುತ್ತದೆ.

ಆದ್ದರಿಂದ ಒಂದು ಶಾಟ್‌ಗೆ ಒಬ್ಬರು ಕೈ, ಇನ್ನೊಬ್ಬರು ಕಣ್ಣು. ಕೈ ಗೊಂಬೆಯನ್ನು ಸರಿಸುತ್ತದೆ. ಕಣ್ಣು ಫೋನಿನ ಪರದೆ ನೋಡುತ್ತಾ ಇರುತ್ತದೆ, ಫೋಟೊ ತೆಗೆಯುತ್ತದೆ, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತದೆ. ಶಾಟ್ ಮುಗಿದ ಮೇಲೆ ಬೇಕಾದರೆ ಅದಲು ಬದಲು ಮಾಡಿಕೊಳ್ಳಿ. ಶಾಟ್ ನಡುವೆ ಮಾತ್ರ ಬೇಡ.

ಪ್ರತಿ ಫೋಟೊಗೂ ಒಂದೇ ಮಾತುಕತೆ ಇರಲಿ:

“ಕೈ?”

“ತೆಗ್ದೆ.”

“ಕ್ಲಿಕ್.”

ಸುಮ್ನೆ ನಾಟಕ ಅನ್ನಿಸಬಹುದು. ಆದರೆ ಇದಿಲ್ಲದೆ ತೆಗೆದ ಫೋಟೊಗಳಲ್ಲಿ ಅಲ್ಲಲ್ಲಿ ಒಂದು ಹೆಬ್ಬೆರಳು ಇಣುಕುತ್ತಿರುತ್ತದೆ. ಅದು ಕಾಣುವುದು ಎಲ್ಲ ಮುಗಿದ ಮೇಲೆ.

ಜಗಳದ ವಿಷಯ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಚಲನೆ ಹೇಗಿರಬೇಕು ಎಂಬುದಕ್ಕೆ ಕೈ ಹೇಳಿದ್ದೇ ಕೊನೆ. ಫೋಟೊ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಕಣ್ಣು ಹೇಳಿದ್ದೇ ಕೊನೆ. “ಮತ್ತೆ ತೆಗೆಯೋಣ” ಎಂದು ಕಣ್ಣು ಹೇಳಿದರೆ ಕೈ ವಾದ ಮಾಡಬಾರದು.

ಟೇಪಕ್ಕನ ಮೈಕಟ್ಟು

ಗೊಂಬೆ 15ರಿಂದ 18 ಸೆಂ.ಮೀ. ಎತ್ತರವಿರಲಿ. ಇದಕ್ಕಿಂತ ಚಿಕ್ಕದಾದರೆ ಬೆರಳು ಹೋಗುವುದಿಲ್ಲ, ದೊಡ್ಡದಾದರೆ ಸೆಟ್ಟೂ ದೊಡ್ಡದಾಗುತ್ತದೆ.

ಅಸ್ಥಿಪಂಜರಕ್ಕೆ ಅಲ್ಯುಮಿನಿಯಂ ತಂತಿ ಸರಿ, 1.5 ಮಿ.ಮೀ. ದಪ್ಪದ್ದು. ಕ್ರಾಫ್ಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕಟ್ಟಡದ ಕೆಲಸಕ್ಕೆ ಬಳಸುವ ಕಬ್ಬಿಣದ ಕಟ್ಟು ತಂತಿ ಬೇಡ. ಅದು ಬಗ್ಗಿಸಿದಲ್ಲಿ ನಿಲ್ಲದೆ ಸ್ವಲ್ಪ ವಾಪಸ್ ಬರುತ್ತದೆ. ತಂತಿಯನ್ನು ಎರಡೆಳೆ ಮಾಡಿ ಹೊಸೆದು ಬೆನ್ನುಮೂಳೆ, ಕೈ, ಕಾಲು ಮಾಡಿ. ತಲೆ, ಎದೆ, ಸೊಂಟ, ಪಾದ, ಈ ಜಾಗಗಳಿಗೆ ಎಂ-ಸೀಲ್ ಮೆತ್ತಿ ಗಟ್ಟಿ ಮಾಡಿ. ಮೊಣಕೈ, ಮೊಣಕಾಲು, ಕುತ್ತಿಗೆ, ನಡು ಬರೀ ತಂತಿಯಾಗಿಯೇ ಇರಲಿ. ಬಗ್ಗುವುದು ಅಲ್ಲಿ ಮಾತ್ರ. ಎಂ-ಸೀಲ್ ಕಲಸುವಾಗ ಕೈಗವಸು ಹಾಕಿಕೊಳ್ಳಿ. ಮಕ್ಕಳಿದ್ದರೆ ಈ ಕೆಲಸವನ್ನೂ ಬ್ಲೇಡಿನ ಕೆಲಸವನ್ನೂ ದೊಡ್ಡವರು ಮಾಡಲಿ.

ಅಲ್ಯುಮಿನಿಯಂ ತಂತಿ ಮತ್ತೆ ಮತ್ತೆ ಬಗ್ಗಿಸಿದರೆ ಒಂದು ಹೊತ್ತಿನಲ್ಲಿ ಪಟ್ಟನೆ ಮುರಿಯುತ್ತದೆ. ಮುರಿಯುವುದು ಸಾಮಾನ್ಯವಾಗಿ ಭುಜದಲ್ಲಿ, ಅದೂ ಶಾಟ್ ನಡುವೆ. ಅಸ್ಥಿಪಂಜರ ಮಾಡುವಾಗಲೇ ಎರಡು ಮಾಡಿಟ್ಟುಕೊಳ್ಳಿ.

ತಂತಿಯ ಮೇಲೆ ತೆಳುವಾದ ಸ್ಪಂಜು ಸುತ್ತಿ ದಾರ ಬಿಗಿಯಿರಿ. ಅದರ ಮೇಲೆ ಬಟ್ಟೆ. ಬಟ್ಟೆಯ ವಿಷಯದಲ್ಲಿ ಜಾಗ್ರತೆ ಬೇಕು. 1933ರ ‘ಕಿಂಗ್ ಕಾಂಗ್’ನಲ್ಲಿ ಆ ದೈತ್ಯ ವಾನರನ ಮೈಮೇಲಿನ ತುಪ್ಪಳ ಸದಾ ಮಿಸುಕಾಡುತ್ತಿರುತ್ತದೆ. ಗಾಳಿಯಿಂದಲ್ಲ. ಪ್ರತಿ ಚಿತ್ರಕ್ಕೂ ಗೊಂಬೆಯನ್ನು ಹಿಡಿದು ಸರಿಸಿದ ಬೆರಳುಗಳಿಂದ. ಅಲ್ಲಿ ಅದು ಆ ಮೃಗಕ್ಕೆ ಒಪ್ಪಿತು. ನಮ್ಮ ಟೇಪಕ್ಕನ ಸೀರೆ ಹಾಗೆ ಕುದಿಯುತ್ತಿದ್ದರೆ ಚೆನ್ನಾಗಿರುವುದಿಲ್ಲ. ನಯವಾದ, ತೆಳ್ಳನೆಯ ಹತ್ತಿ ಬಟ್ಟೆ ತೆಗೆದುಕೊಂಡು ಮೈಗೆ ಫೆವಿಕಾಲ್ ಹಚ್ಚಿ ಅಂಟಿಸಿಬಿಡಿ. ಉಲ್ಲನ್ನು, ವೆಲ್ವೆಟ್ಟನ್ನು ದೂರ ಇಡಿ.

ಸೂಪರ್‌ಹೀರೊಗೆ ಹಿಂದೆ ಹಾರಾಡುವ ಮೇಲುಹೊದಿಕೆ ಬೇಕೇ ಬೇಕು ಅಂತೀರಾ? ಬರೀ ಬಟ್ಟೆ ಹೇಳಿದ ಮಾತು ಕೇಳುವುದಿಲ್ಲ. ಎರಡು ಪದರ ಬಟ್ಟೆಯ ನಡುವೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಇಟ್ಟು ಅಂಟಿಸಿ. ಆಗ ಮಡಚಿದ ಹಾಗೆ ನಿಲ್ಲುತ್ತದೆ. ಟೇಪಕ್ಕನಿಗೆ ಅದರ ಬದಲು ಅಳತೆ ಟೇಪಿದೆ. ನಿಜವಾದ ಟೇಪಿನ ಹಿಂಬದಿಗೆ ಉದ್ದಕ್ಕೂ ಸಪೂರ ತಂತಿ ಅಂಟಿಸಿದರೆ ಹಾವಿನ ಹಾಗೆ ಹೆಡೆ ಎತ್ತುತ್ತದೆ.

ಮುಖದ ಮೇಲೆ ಬಾಯಿ ಬೇಡ. ಬಾಯಿ ಇದ್ದರೆ ಅದು ಯಾಕೆ ಅಲ್ಲಾಡುತ್ತಿಲ್ಲ ಅಂತ ನೋಡುವವರು ಕೇಳುತ್ತಾರೆ. ಬಾಯಿ ಮುಚ್ಚುವ ಮುಖವಾಡ ಹಾಕಿ. ಸೂಪರ್‌ಹೀರೊ ಆಗಿರುವುದರ ಲಾಭವೇ ಇದು! ಎಲ್ಲ ಭಾವವನ್ನೂ ಹುಬ್ಬಿಗೆ ಬಿಡಿ. ಕಪ್ಪು ಕ್ಲೇಯ ಎರಡು ಎಳೆ ಸಾಕು. ಒಳಮೂಲೆ ಕೆಳಗೆ ಬಾಗಿದರೆ ಕೋಪ, ಮೇಲೆ ಎದ್ದರೆ ಚಿಂತೆ. ಕಣ್ಣು ಮಿಟುಕಿಸಲು ಮೈಬಣ್ಣದ ಕ್ಲೇಯಲ್ಲಿ ಎರಡು ರೆಪ್ಪೆ ಮಾಡಿ, ಒಂದು ಫೋಟೊದಲ್ಲಿ ಅರ್ಧ, ಒಂದರಲ್ಲಿ ಪೂರ್ತಿ, ಮತ್ತೊಂದರಲ್ಲಿ ಅರ್ಧ ಮುಚ್ಚಿ. ಆಗಾಗ ಒಮ್ಮೆ ಕಣ್ಣು ಮಿಟುಕಿಸುವ ಗೊಂಬೆ ಸುಮ್ಮನೆ ನಿಂತಿದ್ದರೂ ಬದುಕಿದೆ ಅನ್ನಿಸುತ್ತದೆ.

ಕ್ಲೇ ಅಂದರೆ ಒಣಗದ, ಎಣ್ಣೆ ಬೆರೆತ ಕ್ಲೇ. ಬೇಸಿಗೆಯಲ್ಲಿ ಲ್ಯಾಂಪಿನ ಕೆಳಗೆ ಅದು ಮೆತ್ತಗಾಗಿ ಹುಬ್ಬು ಜಾರುತ್ತದೆ. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತನ್ನಿ.

ಹೆಗ್ಗಣಕ್ಕೆ ಇಷ್ಟು ಕಷ್ಟ ಪಡಬೇಕಿಲ್ಲ. ಬೂದು ಬಣ್ಣದ ಕ್ಲೇಯ ಒಂದು ಉಂಡೆ, ಚೂಪು ಮೂತಿ, ಎರಡು ಕರಿ ಮಣಿಯ ಕಣ್ಣು, ಬಾಲಕ್ಕೆ ತಂತಿ. ಕಾಲು ಕಾಣದಂತೆ ಹೊಟ್ಟೆ ನೆಲಕ್ಕೆ ತಾಗಿರಲಿ.

ಸೆಟ್ಟು ಅಲ್ಲಾಡಬಾರದು

ಭಾರವಾದ ಮೇಜು ಬೇಕು. ಗೋಡೆಗೆ ತಾಗಿಸಿ ಇಡಿ. ಮಂಚದ ಮೇಲೆ, ಓಡಾಡುವ ದಾರಿಯಲ್ಲಿ ಬೇಡ. ಮೇಜಿನ ಕಾಲುಗಳು ನೆಲದ ಮೇಲೆ ಎಲ್ಲಿವೆ ಎಂದು ಅಂಟು ಟೇಪಿನಿಂದ ಗುರುತು ಮಾಡಿ. ಒಬ್ಬರ ಮೊಣಕಾಲು ತಾಗಿಯೇ ತಾಗುತ್ತದೆ, ಆಗ ವಾಪಸ್ ತರಲು ಗುರುತು ಬೇಕು.

ನೆಲಕ್ಕೆ ಥರ್ಮಾಕೋಲ್ ಹಲಗೆ ಹಾಕಿ ಮೇಲೆ ಚಾರ್ಟ್ ಪೇಪರ್ ಅಂಟಿಸಿದರೆ ಗೊಂಬೆಯ ಪಾದಕ್ಕೆ ಗುಂಡುಸೂಜಿ ಚುಚ್ಚಿ ನಿಲ್ಲಿಸಬಹುದು. ಅಂಗಡಿಯ ಹೊಲಿಗೆ ಮೆಷಿನ್, ಕಪಾಟು, ಗಡಿಯಾರ, ಎಲ್ಲವನ್ನೂ ಅಂಟಿಸಿ. ಅಲ್ಲಾಡಬೇಕಾದ್ದು ಮಾತ್ರ ಸಡಿಲವಾಗಿರಲಿ. ಒಂದು ಬಾಬಿನ್ ಅರ್ಧ ಸೆಂ.ಮೀ. ಸರಿದರೂ ಚಿತ್ರದಲ್ಲಿ ಅದು ಚಂಗನೆ ಹಾರಿದಂತೆ ಕಾಣುತ್ತದೆ. ನೋಡುವವರ ಕಣ್ಣು ಹೀರೊ ಬಿಟ್ಟು ಅಲ್ಲಿಗೇ ಹೋಗುತ್ತದೆ.

ಫ್ಯಾನ್ ಆಫ್ ಮಾಡಿ. ಬೇಸಿಗೆ ರಜೆಯಲ್ಲಿ ಈ ಮಾತು ಹೇಳುವುದು ಕ್ರೂರ, ಗೊತ್ತು. ಆದರೆ ಫ್ಯಾನ್ ಗಾಳಿಗೆ ದಾರ, ಬಟ್ಟೆ, ಚಾರ್ಟ್ ಪೇಪರ್ ಎಲ್ಲವೂ ನಡುಗುತ್ತವೆ. ಬೆಳಿಗ್ಗೆ ಬೇಗ ಶುರು ಮಾಡಿ, ಸೆಕೆ ಏರುವ ಹೊತ್ತಿಗೆ ನಿಲ್ಲಿಸುವುದೇ ವಾಸಿ.

ಬೆಳಕು

ಮೊದಲ ಚಿತ್ರ ಮಾಡಿದವರ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ ಬೆಳಕು ಮಿಣಮಿಣ ಅನ್ನುವುದು. ಕಾರಣ ಬಹಳ ಸಲ ಕಿಟಕಿ. ಸೂರ್ಯ ಸರಿಯುತ್ತಾನೆ, ಮೋಡ ಬರುತ್ತದೆ. ನೀವು ಒಂದು ಗಂಟೆಯಲ್ಲಿ ತೆಗೆದ 60 ಫೋಟೊ ಪರದೆಯಲ್ಲಿ ಐದೇ ಸೆಕೆಂಡು. ಒಂದು ಗಂಟೆಯ ಮೋಡವೆಲ್ಲ ಐದು ಸೆಕೆಂಡಿನಲ್ಲಿ ಹಾದು ಹೋಗುತ್ತದೆ. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಯನ್ನೂ ಮುಚ್ಚಿ.

ಎರಡು ಟೇಬಲ್ ಲ್ಯಾಂಪ್ ಸಾಕು. ಒಂದು ಪಕ್ಕದಿಂದ, ಜೋರಾಗಿ. ಇನ್ನೊಂದು ಎದುರು ಬದಿಯಿಂದ, ಟ್ರೇಸಿಂಗ್ ಪೇಪರ್ ಅಡ್ಡ ಹಿಡಿದು ಮೆತ್ತಗೆ. ಕಾಗದ ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ. ರಾತ್ರಿಯ ದೃಶ್ಯಕ್ಕೆ ನೀಲಿ ಪಾರದರ್ಶಕ ಕಾಗದ ಸಾಕು.

ಇಬ್ಬರೂ ಕಪ್ಪು ಅಥವಾ ಕಡು ಬಣ್ಣದ ಬಟ್ಟೆ ಹಾಕಿ. ಬಿಳಿ ಅಂಗಿ ಹಾಕಿಕೊಂಡು ಲ್ಯಾಂಪಿನ ಹತ್ತಿರ ನಿಂತರೆ ನಿಮ್ಮ ಅಂಗಿಯೇ ಮೂರನೇ ದೀಪವಾಗುತ್ತದೆ. ಫೋಟೊ ತೆಗೆಯುವಾಗ ಇಬ್ಬರೂ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲಿ. ನೆಲದ ಮೇಲೆ ಗುರುತು ಹಾಕಿಕೊಂಡರೆ ನೆನಪಿಡುವ ಕೆಲಸ ತಪ್ಪುತ್ತದೆ.

ಫೋನಿಗೆ ಬುದ್ಧಿ ಕಡಿಮೆ ಮಾಡಿ

ಫೋನಿನ ಕ್ಯಾಮೆರಾ ಪ್ರತಿ ಫೋಟೊಗೂ ತಾನೇ ಯೋಚಿಸುತ್ತದೆ. ಇಲ್ಲಿ ಕತ್ತಲಿದೆ, ಬೆಳಕು ಹೆಚ್ಚಿಸೋಣ. ಇಲ್ಲಿ ಹಳದಿ ಜಾಸ್ತಿ, ತಿದ್ದೋಣ. ನಮಗೆ ಈ ಜಾಣತನ ಬೇಡ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 100ರ ಆಸುಪಾಸು ಇಡಿ. ಶಟರ್ ವೇಗ, ಅಂದರೆ ಒಂದು ಫೋಟೊಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಸೆಕೆಂಡಿನ 1/50 ಅಥವಾ 1/25 ಇರಲಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಅದಕ್ಕೆ ಹೊಂದುವ ಶಟರ್ ಇಟ್ಟರೆ ದೀಪದ ನಡುಕ ಫೋಟೊದಲ್ಲಿ ಪಟ್ಟೆಪಟ್ಟೆಯಾಗಿ ಬರುವುದಿಲ್ಲ. ಐಫೋನಿನಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ಸು ಮತ್ತು ಎಕ್ಸ್‌ಪೋಷರ್ ಲಾಕ್ ಆಗುತ್ತವೆ.

ಇನ್ನೂ ಸುಲಭ ಬೇಕೆಂದರೆ ‘ಸ್ಟಾಪ್ ಮೋಷನ್ ಸ್ಟುಡಿಯೊ’ ಎಂಬ ಆ್ಯಪ್ ಇದೆ. ಪುಕ್ಕಟೆ ಆವೃತ್ತಿಯೇ ಆರಂಭಕ್ಕೆ ಸಾಕು. ಅದರಲ್ಲಿರುವ ‘ಅನಿಯನ್ ಸ್ಕಿನ್’ ತುಂಬಾ ಉಪಯೋಗದ್ದು. ಹಿಂದಿನ ಫೋಟೊ ಮಸುಕಾಗಿ ಮೇಲೆ ಕಾಣುತ್ತದೆ, ಗೊಂಬೆ ಎಲ್ಲಿತ್ತು, ಈಗ ಎಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ. ದೊಡ್ಡ ಸ್ಟುಡಿಯೊಗಳು ಬಳಸುವ ‘ಡ್ರ್ಯಾಗನ್‌ಫ್ರೇಮ್’ಗೆ ದುಡ್ಡು ಕೊಡಬೇಕು. ಈಗ ಅದರ ಗೊಡವೆ ಬೇಡ.

ಫೋನನ್ನು ಅಡ್ಡಲಾಗಿ, ಟ್ರೈಪಾಡಿನ ಮೇಲೆ ಬಿಗಿಯಾಗಿ ಕೂರಿಸಿ. ಟ್ರೈಪಾಡ್ ಇಲ್ಲದಿದ್ದರೆ ಎರಡು ಇಟ್ಟಿಗೆಯ ನಡುವೆ ಸಿಕ್ಕಿಸಿ. ಚಾರ್ಜರ್ ಮೊದಲೇ ಚುಚ್ಚಿರಿ. ನಡುವೆ ಚುಚ್ಚಲು ಹೋದರೆ ಫೋನ್ ಅಲ್ಲಾಡುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಹೆಗ್ಗಣ ಬಲೆಗೆ ಬೀಳುವ ಹೊತ್ತಿಗೇ ಅತ್ತೆಯ ಫೋನ್ ಬರುತ್ತದೆ. ಪರದೆ ಮುಟ್ಟಿ ಫೋಟೊ ತೆಗೆಯಬೇಡಿ. ಬಹಳಷ್ಟು ಫೋನುಗಳಲ್ಲಿ ವೈರಿನ ಇಯರ್‌ಫೋನಿನ ವಾಲ್ಯೂಮ್ ಗುಂಡಿಯೇ ಕ್ಯಾಮೆರಾ ಗುಂಡಿಯಾಗಿ ಕೆಲಸ ಮಾಡುತ್ತದೆ.

ಜೀವ ಬರುವುದು ಎಲ್ಲಿ

ನೇರ ಟೇಪಕ್ಕನಿಗೆ ಕೈ ಹಾಕಬೇಡಿ. ಮೊದಲು ಒಂದು ಗುಂಡಿಯನ್ನು ಮೇಜಿನ ಮೇಲೆ ಓಡಿಸಿ. 20 ಸೆಂ.ಮೀ. ದೂರ, ಒಂದು ಸೆಕೆಂಡು, 12 ಸರಿಸುವಿಕೆ. ಎಲ್ಲ ಸಲವೂ ಒಂದೇ ಅಳತೆ ಸರಿಸಿದರೆ ಅದು ಲಿಫ್ಟಿನ ಹಾಗೆ ಹೋಗುತ್ತದೆ. ಹೀಗೆ ಮಾಡಿ ನೋಡಿ: 2, 5, 10, 18, 28, 37 ಮಿ.ಮೀ. ಆಮೇಲೆ ಅದೇ ಲೆಕ್ಕ ಹಿಂದಕ್ಕೆ, 37, 28, 18, 10, 5, 2. ಮೆಲ್ಲಗೆ ಹೊರಟು, ಜೋರಾಗಿ ಓಡಿ, ಮೆಲ್ಲಗೆ ನಿಲ್ಲುತ್ತದೆ. ಗುಂಡಿಗೆ ಮನಸ್ಸಿದೆ ಅನ್ನಿಸುತ್ತದೆ. ಪ್ರತಿ ಸಲ ಸ್ಕೇಲ್ ಹಿಡಿಯಬೇಕೆಂದಲ್ಲ. ಒಮ್ಮೆ ಅಳೆದು ಮಾಡಿದರೆ ಕೈಗೆ ಅಂದಾಜು ಸಿಗುತ್ತದೆ.

ಹೊಡೆತಕ್ಕೆ ಈ ಲೆಕ್ಕ ಇಲ್ಲ. ಟೇಪು ಚಾಟಿಯಂತೆ ಬೀಸಬೇಕಾದರೆ ಮೊದಲು ಹಿಂದಕ್ಕೆ ಹೋಗಬೇಕು, ನಾಲ್ಕೈದು ಫೋಟೊದಲ್ಲಿ, ನಿಧಾನವಾಗಿ. ಅಲ್ಲಿ ಎರಡು ಫೋಟೊ ನಿಲ್ಲಲಿ. ಆಮೇಲೆ ಒಂದೇ ಫೋಟೊದಲ್ಲಿ ಪೂರ್ತಿ ಮುಂದೆ. ನಡುವಿನ ಹಾದಿ ತೋರಿಸಲೇಬೇಡಿ. ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಪೆಟ್ಟು ಬಿದ್ದ ಕ್ಷಣ ದಪ್ಪ ಕಾಗದದಲ್ಲಿ ಕತ್ತರಿಸಿದ “ಢಮಾರ್” ಅನ್ನು ಐದಾರು ಫೋಟೊ ಹೊತ್ತು ನಿಲ್ಲಿಸಿ. ಹೆಗ್ಗಣ ಹಿಂದಕ್ಕೆ ಜಾರಲಿ, ಕಪಾಟಿನ ದಾರದ ಉಂಡೆಯೊಂದು ಉರುಳಲಿ. ಪೆಟ್ಟಿನ ಜೋರು ಗೊತ್ತಾಗುವುದು ಪೆಟ್ಟು ತಿಂದವರಿಂದ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಲ್ಲುವುದಕ್ಕೂ ಫೋಟೊ ಖರ್ಚು ಮಾಡಿ. ಟೇಪಕ್ಕ ಕಾಳಗಕ್ಕೆ ಮೊದಲು ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ಭಂಗಿಗೆ ಒಂದು ಸೆಕೆಂಡಾದರೂ ಕೊಡಿ. ಒಂದೇ ಫೋಟೊವನ್ನು 12 ಸಲ ನಕಲು ಮಾಡಿದರೆ ಚಿತ್ರ ಸತ್ತಂತೆ ಕಾಣುತ್ತದೆ. 12 ಬೇರೆ ಬೇರೆ ಫೋಟೊ ತೆಗೆಯಿರಿ, ಟೇಪಿನ ತುದಿ ಮಾತ್ರ ಕೂದಲೆಳೆಯಷ್ಟು ಆಡಲಿ.

ರೂಪಾಂತರದ ಶಾಟ್, ಅಂದರೆ ಟೇಪು ಅವಳ ಮೈಗೆ ಸುತ್ತಿಕೊಳ್ಳುವುದು, ನೇರವಾಗಿ ತೆಗೆಯಲು ಹೋದರೆ ಕೊನೆಗೆ ಸುತ್ತು ಅಂದವಾಗಿ ಕೂರುವುದೇ ಇಲ್ಲ. ಉಲ್ಟಾ ತೆಗೆಯಿರಿ. ಮೊದಲು ನೀಟಾಗಿ ಸುತ್ತಿ. ಒಂದೊಂದು ಫೋಟೊಗೂ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋಗಿ. ಎಡಿಟಿಂಗ್‌ನಲ್ಲಿ ಹಿಂದುಮುಂದು ಮಾಡಿ. ಗುಂಡಿಗಳು ಬಂದು ಅಂಗಿಯ ಮೇಲೆ ಸರಿಯಾದ ಜಾಗದಲ್ಲಿ ಕೂರುವುದಕ್ಕೂ ಇದೇ ಉಪಾಯ. ಕೂತಲ್ಲಿಂದ ಎದ್ದು ಹೋಗುವಂತೆ ತೆಗೆದು ತಿರುಗಿಸಿ.

ಹಾರಾಟ

ಎಲ್ಲರೂ ಮೊದಲು ಯೋಚಿಸುವುದು ದಾರ ಕಟ್ಟಿ ನೇತು ಹಾಕುವುದನ್ನು. ಬೇಡ. ದಾರದಲ್ಲಿ ನೇತಾಡುವ ಗೊಂಬೆ ತಿರುಗುತ್ತದೆ, ತೂಗುತ್ತದೆ. ಅದು ನಿಲ್ಲುವ ತನಕ ಕಾಯುತ್ತಾ ಕೂತರೆ ಹೊತ್ತು ಮುಳುಗುತ್ತದೆ.

ಇಬ್ಬರಿಗೆ ಸುಲಭವಾದ ದಾರಿ ಆಕಾಶವನ್ನೇ ನೆಲದ ಮೇಲೆ ಹಾಸುವುದು. ನೀಲಿ ಚಾರ್ಟ್ ಪೇಪರ್ ಹಾಸಿ ಹತ್ತಿಯ ಮೋಡ ಇಡಿ. ಎರಡು ಕುರ್ಚಿಗಳ ನಡುವೆ ಒಂದು ಹಲಗೆ ಇಟ್ಟು, ಕ್ಯಾಮೆರಾದ ಕಣ್ಣು ಮಾತ್ರ ಹಲಗೆಯ ಅಂಚಿನಿಂದ ಹೊರಗೆ ಚಾಚುವಂತೆ ಫೋನನ್ನು ಕೆಳಮುಖವಾಗಿ ಬಿಗಿಯಿರಿ. ಟೇಪಕ್ಕನನ್ನು ಆಕಾಶದ ಮೇಲೆ ಮಲಗಿಸಿ. ಅಷ್ಟೇ, ಹಾರುತ್ತಿದ್ದಾಳೆ! ಬೀಳುವ ಭಯವಿಲ್ಲ. ಟೇಪು ಇಟ್ಟಲ್ಲಿ ಇರುತ್ತದೆ. ಅವಳನ್ನು ಒಂದೇ ಕಡೆ ಇಟ್ಟು ಮೋಡಗಳನ್ನು ಹಿಂದಕ್ಕೆ ಸರಿಸಿದರೆ ಇನ್ನೂ ಚೆಂದ. ಹತ್ತಿರದ ದೊಡ್ಡ ಮೋಡ ಜಾಸ್ತಿ ಸರಿಯಲಿ, ದೂರದ ಚಿಕ್ಕ ಮೋಡ ಕಡಿಮೆ.

ಒಂದೇ ತೊಡಕು, ನೆರಳು. ಆಕಾಶದ ಮೇಲೆ ಅವಳ ನೆರಳು ಬಿದ್ದರೆ ಗುಟ್ಟು ರಟ್ಟು. ನಾಲ್ಕು ಮೂಲೆಗೆ ಪುಸ್ತಕಗಳ ಅಟ್ಟಿ ಇಟ್ಟು, ಮೇಲೆ ಫೋಟೊ ಫ್ರೇಮಿನ ಗಾಜು ಹಾಕಿ, ಗಾಜಿನ ಮೇಲೆ ಅವಳನ್ನು ಮಲಗಿಸಿ. ದೀಪ ಪಕ್ಕದಿಂದ ಬರಲಿ. ನೆರಳು ಚಿತ್ರದ ಹೊರಗೆ ಬೀಳುತ್ತದೆ. ಗಾಜಿನಲ್ಲಿ ಫೋನ್ ಪ್ರತಿಫಲಿಸಿದರೆ ಕಪ್ಪು ಕಾಗದಕ್ಕೆ ತೂತು ಮಾಡಿ ಫೋನಿನ ಮುಂದೆ ಕಟ್ಟಿ. ಗಾಜಿನ ಅಂಚಿಗೆ ಅಂಟು ಟೇಪು ಸುತ್ತಲು ಮರೆಯಬೇಡಿ, ಬೆರಳು ಕೊಯ್ಯುತ್ತದೆ.

ಅಂಗಡಿಯ ಒಳಗೇ ಹಾರಬೇಕಾದರೆ ಬೇರೆ ವಿಧಾನ. ಗೊಂಬೆಯ ಬೆನ್ನಿಗೆ ದಪ್ಪ ತಂತಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕ್ಲೇ ತುಂಬಿದ ಡಬ್ಬಿಯಲ್ಲಿ ನೆಡಿ. ಶಾಟ್ ಶುರುವಾಗುವ ಮೊದಲು ಗೊಂಬೆ, ತಂತಿ, ಡಬ್ಬಿ ಯಾವುದೂ ಇಲ್ಲದೆ ಖಾಲಿ ಸೆಟ್ಟಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ‘ಗಿಂಪ್’ನಂಥ ಪುಕ್ಕಟೆ ತಂತ್ರಾಂಶದಲ್ಲಿ ಖಾಲಿ ಫೋಟೊ ಕೆಳಗೆ, ಗೊಂಬೆಯ ಫೋಟೊ ಮೇಲೆ ಇಟ್ಟು ತಂತಿಯನ್ನೂ ಡಬ್ಬಿಯನ್ನೂ ಅಳಿಸಿ. ಅವುಗಳ ನೆರಳನ್ನೂ ಅಳಿಸಿ, ಅದನ್ನು ಮರೆಯುವವರೇ ಜಾಸ್ತಿ. ಎರಡು ಸೆಕೆಂಡಿನ ಹಾರಾಟಕ್ಕೆ 24 ಫೋಟೊ ಒರೆಸಬೇಕು. ಅದಕ್ಕಿಂತ ಉದ್ದ ಬೇಡ.

ಎಷ್ಟೇ ಜಾಗ್ರತೆ ಮಾಡಿದರೂ ಸೆಟ್ಟಿಗೆ ಒಮ್ಮೆ ಕೈ ತಾಗುತ್ತದೆ. ಅನಿಯನ್ ಸ್ಕಿನ್ ನೋಡಿಕೊಂಡು ಹಳೆಯ ಜಾಗಕ್ಕೆ ತರಲು ಐದು ನಿಮಿಷ ಪ್ರಯತ್ನಿಸಿ. ಬರಲಿಲ್ಲವೋ, ಅಲ್ಲೇ ಶಾಟ್ ಮುಗಿಸಿ ಕ್ಯಾಮೆರಾವನ್ನು ಹತ್ತಿರಕ್ಕೆ ತಂದು ಹೊಸ ಶಾಟ್ ಶುರು ಮಾಡಿ. ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನಿಸುತ್ತದೆ. ಪ್ರತಿ ಶಾಟ್ ಮುಗಿದಾಗ ಅದನ್ನು ಓಡಿಸಿ ನೋಡಿ, ಫೋಟೊಗಳನ್ನು ಬೇರೆ ಕಡೆ ನಕಲು ಮಾಡಿಕೊಂಡು, ಆಮೇಲೆ ಮುಂದಿನ ಶಾಟ್‌ಗೆ ಹೋಗಿ.

ಸದ್ದು, ಜೋಡಣೆ

ಎಡಿಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲಿ ‘ವಿಎನ್’, ಕಂಪ್ಯೂಟರಿನಲ್ಲಿ ‘ಡಾವಿಂಚಿ ರಿಸಾಲ್ವ್’, ಎರಡೂ ಪುಕ್ಕಟೆ ಸಿಗುತ್ತವೆ. ವೀಡಿಯೊ ವೇಗವನ್ನು ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಎಂದು ಇಟ್ಟು ಪ್ರತಿ ಫೋಟೊಗೆ ಎರಡು ಫ್ರೇಮ್ ಕೊಡಿ.

ಸದ್ದಿನ ಮೇಲೆ ಮಾತ್ರ ಒಂದು ಸಂಜೆ ಪೂರ್ತಿ ಕಳೆಯಿರಿ. ಗೊಂಬೆಗೆ ತೂಕ ಬರುವುದು ಸದ್ದಿನಿಂದ. ಟೈಲರ್ ಅಂಗಡಿಗೆ ಹೋಗಿ ಮೆಷಿನ್ ತುಳಿಯುವ ಸದ್ದು, ದಪ್ಪ ಬಟ್ಟೆಗೆ ಕತ್ತರಿ ಹಾಕುವ ಸದ್ದು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಗುಂಡಿಗಳ ಮೆರವಣಿಗೆಗೆ ಸ್ಟೀಲ್ ತಟ್ಟೆಯ ಮೇಲೆ ಗುಂಡಿ ಸುರಿಯಿರಿ. ಟೇಪಿನ ಬೀಸಿಗೆ ತೆಳ್ಳನೆಯ ಬೆತ್ತವನ್ನು ಗಾಳಿಯಲ್ಲಿ ಬೀಸಿ. ಹೆಗ್ಗಣದ ಕೀಚಲು ದನಿ ಇಬ್ಬರಲ್ಲಿ ಯಾರದ್ದು ಚೆನ್ನಾಗಿದೆಯೋ ಅವರದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ತಲೆ ಒಳಗಿಟ್ಟು ರೆಕಾರ್ಡ್ ಮಾಡಿದರೆ ಪ್ರತಿಧ್ವನಿ ಬರುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್ ಹಕ್ಕಿನ ನೋಟಿಸು ಕಳಿಸಬಹುದು. ಅದರದ್ದೇ ಆಡಿಯೊ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತವಿದೆ. ಅದಕ್ಕಿಂತ ಒಳ್ಳೆಯದು, ಪಕ್ಕದ ಮನೆಯಲ್ಲಿ ತಬಲಾ ಕಲಿಯುವ ಹುಡುಗ ಇದ್ದರೆ ಅವನನ್ನು ಹಿಡಿಯಿರಿ.

ಟೈಟಲ್ ಕಾರ್ಡನ್ನು ಕೊನೆಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಇಬ್ಬರ ಕೈಯೂ ಪಳಗಿರುತ್ತದೆ, ಗುಂಡಿಗಳೂ ಅಲ್ಲೇ ಬಿದ್ದಿರುತ್ತವೆ. ಅವನ್ನು ಜೋಡಿಸಿ “ಟೇಪಕ್ಕ” ಎಂದು ಬರೆಯಿರಿ. ಒಂದೊಂದಾಗಿ ಕೆದರುತ್ತಾ ಫೋಟೊ ತೆಗೆದು ಉಲ್ಟಾ ಓಡಿಸಿ. ಇಬ್ಬರ ಹೆಸರೂ ಒಂದೇ ಕಾರ್ಡಿನಲ್ಲಿ, ಒಂದೇ ಗಾತ್ರದಲ್ಲಿ ಬರಲಿ. ಅದರ ಕೆಳಗೆ ಗುಂಡಿ ಕೊಟ್ಟ ಟೈಲರ್ ಹೆಸರು.

ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಏನೂ ವಿವರಿಸದೆ ಚಿತ್ರ ತೋರಿಸಿ. ಮುಗಿದ ಮೇಲೆ “ಏನಾಯ್ತು ಹೇಳಿ?” ಎಂದು ಕೇಳಿ. ಗುಂಡಿ ಕದ್ದದ್ದು ಹೆಗ್ಗಣ ಅಂತಲೇ ಅವರಿಗೆ ತಿಳಿಯಲಿಲ್ಲವೆಂದರೆ ಮೂರನೇ ಶಾಟ್‌ಗೆ ಒಂದು ಸೆಕೆಂಡು ಸೇರಿಸಿ. 12 ಫೋಟೊ, ಕಾಲು ಗಂಟೆಯ ಕೆಲಸ. ಅದಕ್ಕೇ ಸೆಟ್ಟನ್ನು ಇನ್ನೊಂದು ವಾರ ಕಳಚದೆ ಇಟ್ಟಿರಿ, ಮನೆಯವರು ಎಷ್ಟೇ ಗೊಣಗಲಿ.